ಪತ್ತನಾಜೆಯಿಂದ ನವರಾತ್ರಿವರೆಗೆ: ಕಾಸರಗೋಡಿನ ಒಂದು ಅಂಗಳದಲ್ಲಿ ಡಬಲ್ ಡಿಲೈಟ್ ಗುಲಾಬಿ

ಕಾಸರಗೋಡು ಪೇಟೆಯಲ್ಲಿ ಐದು ಸೆಂಟು ಜಾಗ. ಮನೆ, ಬಾವಿ, ಕಾರು ನಿಲ್ಲುವ ಜಾಗ ಕಳೆದರೆ ಗಿಡಕ್ಕೆಂದು ಉಳಿದದ್ದು ಮನೆಯ ತೆಂಕು ಬದಿಯ ಪಟ್ಟಿ, 6 ಅಡಿ ಅಗಲ, 15 ಅಡಿ ಉದ್ದ. ಅದರಾಚೆ ಮುರಕಲ್ಲಿನ ಪಾಗಾರ (ಆವರಣ ಗೋಡೆ), 5 ಅಡಿ ಎತ್ತರ. ಮನೆಯವರು ಒಂದು ಡಿಸೆಂಬರಿನಲ್ಲಿ ಮೂರು ಡಬಲ್ ಡಿಲೈಟ್ ಗಿಡ ತಂದು ಪಾಗಾರದಿಂದ ಒಂದೂವರೆ ಅಡಿ ದೂರದಲ್ಲಿ ಸಾಲಾಗಿ ನೆಟ್ಟರು. ತರುವಾಗ ಇದ್ದ ಮೊಗ್ಗುಗಳು ಅರಳಿದವು. ಮತ್ತೆ ಮಾರ್ಚಿನವರೆಗೆ ಮೂರೂ ಗಿಡ ಸೇರಿ ಕೊಟ್ಟದ್ದು ಐದೇ ಹೂ. ಜೂನ್ ಕೊನೆಗೆ ಎಲೆ ತುಂಬ ಕಪ್ಪು ಚುಕ್ಕೆ, ಜುಲೈ ನಡುವಿಗೆ ಗಿಡದಲ್ಲಿ ಎಲೆಯೇ ಇಲ್ಲ, ಆಗಸ್ಟಿನಲ್ಲಿ ಗೆಲ್ಲುಗಳು (ಕೊಂಬೆಗಳು) ತುದಿಯಿಂದ ಕಪ್ಪಾಗಿ ಕೆಳಗಿಳಿಯತೊಡಗಿದವು. ಸೆಪ್ಟೆಂಬರ್ ಮೊದಲ ವಾರ ನಾವು ಪರೀಕ್ಷಿಸುವಾಗ ಒಂದು ಗಿಡ ಸತ್ತಿತ್ತು, ಎರಡರಲ್ಲಿ ಜೀವ ಇತ್ತು.

ನಮ್ಮ ಊರಿನ ಸೆಕೆಗೆ ಗುಲಾಬಿ ಆಗುವುದಿಲ್ಲ ಎಂಬ ಮಾತು ಕರಾವಳಿಯಲ್ಲಿ ಮನೆಮನೆಯಲ್ಲೂ ಕೇಳುತ್ತದೆ. ಈ ಅಂಗಳದಲ್ಲಿ ಗಿಡ ಸೊರಗಿದ್ದು ಸೆಕೆಯಲ್ಲಿ ಅಲ್ಲ. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಹೂ ಚಿಕ್ಕದಾದರೂ ಗಿಡ ಹಸಿರಾಗಿಯೇ ಇತ್ತು. ಅದನ್ನು ಕೊಂದದ್ದು ಎಲೆಯ ಮೇಲೆ ಆರದೆ ನಿಂತ ನೀರು, ಬುಡದಲ್ಲಿ ಇಳಿಯದೆ ನಿಂತ ನೀರು. ಈ ಎರಡನ್ನು ಸರಿಪಡಿಸಿದ ಮೇಲೆ ಉಳಿದ ಎರಡು ಗಿಡ ಹೇಗೆ ಚೇತರಿಸಿದವು, ಆಮೇಲೂ ಏನೇನು ಕೆಟ್ಟಿತು ಎಂಬುದರ ವಿವರ ಇದು.

ತಳಿಯ ಬಗ್ಗೆ

ಡಬಲ್ ಡಿಲೈಟ್ ಹೈಬ್ರಿಡ್ ಟೀ ಗುಂಪಿನದು, ಎಂದರೆ ಉದ್ದ ತೊಟ್ಟಿಗೆ ಒಂದೊಂದೇ ದೊಡ್ಡ ಹೂ ಬಿಡುವ ಗುಲಾಬಿ. ಗ್ರನಾಡಾ ಮತ್ತು ಗಾರ್ಡನ್ ಪಾರ್ಟಿ ಎಂಬ ಎರಡು ಗುಲಾಬಿಗಳನ್ನು ಕೂಡಿಸಿ ಅಮೆರಿಕದಲ್ಲಿ ತಯಾರಿಸಿದ ತಳಿ. 1977ರಲ್ಲಿ ಅಲ್ಲಿನ ಆಲ್-ಅಮೆರಿಕ ಪುರಸ್ಕಾರ ಬಂತು, 1985ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟದ ಗೌರವ ಪಟ್ಟಿಗೆ ಸೇರಿತು. ಗಿಡ ಮೂರು, ಮೂರೂವರೆ ಅಡಿಯಲ್ಲಿ ನಿಂತು ಅಗಲಕ್ಕೆ ಹರಡುತ್ತದೆ. ಮಿಸ್ಟರ್ ಲಿಂಕನ್ ಎಂಬ ಗುಲಾಬಿಯಂತೆ ಆಳೆತ್ತರಕ್ಕೆ ಏರಿ ಮಾಡು (ಸೂರು) ಮುಟ್ಟುವುದಿಲ್ಲ. ಪಟ್ಟಿ ಅಂಗಳಕ್ಕೆ ಇದು ಒಳ್ಳೆಯ ಆಯ್ಕೆಯೇ. ಪರಿಮಳವೂ ಗಾಢ. ಆದರೆ ಕಪ್ಪುಚುಕ್ಕೆ ರೋಗವನ್ನು ತಡೆದುಕೊಳ್ಳುವ ಶಕ್ತಿ ಇದಕ್ಕೆ ಕಡಿಮೆ. ಮಾರುವವರು ಹೂ ತೋರಿಸುತ್ತಾರೆ, ಈ ಮಾತನ್ನು ಹೇಳುವುದಿಲ್ಲ.

ಅಗೆದು ನೋಡಿದಾಗ

ಸತ್ತ ಗಿಡವನ್ನು ಮೊದಲು ಕಿತ್ತೆವು. ಒಂದೂವರೆ ಅಡಿ ಗುಂಡಿ ತೋಡಿ ಹಟ್ಟಿಗೊಬ್ಬರ ತುಂಬಿ ನೆಟ್ಟಿದ್ದರು. ಗುಂಡಿಯ ತಳ ಮತ್ತು ಬದಿ ಗಟ್ಟಿ ಮುರಕಲ್ಲು. ಒಳಗೆ ಮೆದು ಗೊಬ್ಬರ, ಸುತ್ತ ಕಲ್ಲು ಎಂದಾಗ ಆ ಗುಂಡಿ ಒಂದು ಬಾನಿಯಂತೆ ಕೆಲಸ ಮಾಡುತ್ತದೆ. ಸುತ್ತಲಿನ ನೀರೆಲ್ಲ ಅದಕ್ಕೇ ಬಂದು ಸೇರುತ್ತದೆ. ಪರೀಕ್ಷೆಗೆಂದು ಬೆಳಿಗ್ಗೆ ಗುಂಡಿ ತುಂಬ ನೀರು ಹೊಯ್ದರೆ ಸಂಜೆಗೂ ತಳದಲ್ಲಿ ಒಂದು ಗೇಣು ನೀರು ಉಳಿದಿತ್ತು. ನಾಲ್ಕು ಗಂಟೆಯೊಳಗೆ ಇಂಗದ ಗುಂಡಿ ಗುಲಾಬಿಗೆ ಹೇಳಿದ್ದಲ್ಲ.

ಬೇರುಗಳು ಕಂದುಗಪ್ಪಾಗಿದ್ದವು. ಬೆರಳಿನಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕೊಳವೆಯಂತೆ ಕಳಚಿ ಕೈಗೆ ಬರುತ್ತಿತ್ತು, ಒಳಗೆ ನೂಲಿನಷ್ಟು ದಪ್ಪದ ನಾರು ಮಾತ್ರ ಉಳಿಯುತ್ತಿತ್ತು. ಮಣ್ಣಿಗೆ ಚರಂಡಿಯ ವಾಸನೆ. ಕಸಿಗಂಟು, ಎಂದರೆ ಬೇರುಗಿಡಕ್ಕೆ ತಳಿಯನ್ನು ಕಸಿಮಾಡಿದ ಜಾಗ, ಮಣ್ಣಿನ ಮೂರು ಇಂಚು ಅಡಿಯಲ್ಲಿ ಹೂತುಹೋಗಿತ್ತು. ಚಳಿದೇಶಗಳಲ್ಲಿ ಹಿಮದಿಂದ ಕಾಪಾಡಲು ಕಸಿಗಂಟನ್ನು ಹೂಳುವ ರೂಢಿ ಇದೆ. ಅದನ್ನು ಇಲ್ಲಿ ಅನುಸರಿಸಿದರೆ ಗಂಟು ಕೊಳೆಯುತ್ತದೆ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ ಕಸಿಗಂಟು ಮಣ್ಣಿನಿಂದ ಎರಡು ಇಂಚು ಮೇಲೆಯೇ ಇರಬೇಕು.

ಮಣ್ಣಿನ ಹುಳಿಯೂ ನೋಡಬೇಕಾದದ್ದು. ಮುರಮಣ್ಣಿನ ಪಿಹೆಚ್ ಸಾಮಾನ್ಯವಾಗಿ 5ರ ಆಸುಪಾಸು, ಗುಲಾಬಿಗೆ ಬೇಕಾದದ್ದು 6ರಿಂದ 6.5. ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಸೇರಿ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಸುಣ್ಣ, ಮೆಗ್ನೀಸಿಯಂ, ಪೊಟ್ಯಾಶ್ ಮಳೆಯಲ್ಲಿ ತೊಳೆದುಹೋಗುತ್ತವೆ. ಗೊಬ್ಬರ ಎಷ್ಟು ಹಾಕಿದರೂ ಗಿಡಕ್ಕೆ ಸಿಗದಿರುವುದು ಇದರಿಂದ.

ಎಲೆ ಹೇಳಿದ ಎರಡು ಕಥೆ

ಬುಡದಲ್ಲಿ ಬಿದ್ದಿದ್ದ ಎಲೆಗಳನ್ನು ಹೆಕ್ಕಿ ಬೆಳಕಿಗೆ ಹಿಡಿದು ನೋಡಿದರೆ ಚುಕ್ಕೆಗಳು ಎರಡು ಬಗೆ.

ಒಂದು ಬಗೆಯ ಚುಕ್ಕೆ ಕಪ್ಪು, ಬೇಳೆಯಿಂದ ಕಾಸಿನವರೆಗೆ ಗಾತ್ರ. ಅಂಚು ನಯವಾಗಿಲ್ಲ. ಒರೆಕಾಗದದ ಮೇಲೆ ಶಾಯಿ ಬಿದ್ದಂತೆ ಎಳೆಎಳೆಯಾಗಿ ಹರಡಿದೆ, ಸುತ್ತ ಹಳದಿ. ಕೆಳಗಿನ ಎಲೆಯಿಂದ ಸುರುವಾಗಿ ಮೇಲೇರಿದೆ. ಇದು ಕಪ್ಪುಚುಕ್ಕೆ ರೋಗ, ಡಿಪ್ಲೊಕಾರ್ಪನ್ ರೋಸೆ ಎಂಬ ಶಿಲೀಂಧ್ರದ ಕೆಲಸ. ಇದರ ಬೀಜಾಣು ಎಲೆಗೆ ತೂರಬೇಕಾದರೆ ಎಲೆ ಎಡೆಬಿಡದೆ ಸುಮಾರು ಏಳು ಗಂಟೆ ಒದ್ದೆ ಇರಬೇಕು. ಇಷ್ಟವಾದ ಉಷ್ಣತೆ 20ರಿಂದ 27 ಡಿಗ್ರಿ. ಕಾಸರಗೋಡಿನ ಆಟಿ ತಿಂಗಳು (ಜುಲೈ-ಆಗಸ್ಟ್) ಎಂದರೆ ಅದೇ: ಹಗಲು ರಾತ್ರಿ ಮಳೆ, ತಂಪು, ಆರದ ಎಲೆ. ಮಳೆಹನಿ ಬಿದ್ದು ಸಿಡಿದಾಗ ಬೀಜಾಣು ನೆಲದ ಎಲೆಯಿಂದ ಗಿಡದ ಎಲೆಗೆ ಹಾರುತ್ತದೆ, ಎರಡು ವಾರದೊಳಗೆ ಅಲ್ಲಿ ಹೊಸ ಬೀಜಾಣು ತಯಾರು. ಈ ಮನೆಯಲ್ಲಿ ಉದುರಿದ ಎಲೆಯನ್ನು ಬುಡದಲ್ಲೇ ಬಿಟ್ಟಿದ್ದರು. ಅಡಿಕೆ ಬುಡಕ್ಕೆ ಸೊಪ್ಪು ಹಾಕಿ ಬೆಳೆದ ಕೈಗಳಿಗೆ ಎಲೆ ಎಂದರೆ ಗೊಬ್ಬರ. ಗುಲಾಬಿಯ ಮಟ್ಟಿಗೆ ಮಾತ್ರ ಅದು ರೋಗದ ಬಿತ್ತನೆ.

ಇನ್ನೊಂದು ಬಗೆಯ ಚುಕ್ಕೆ ನೇರಳೆಗೆಂಪು. ಅಂಚು ನಯ, ಗಾತ್ರ ಸಾಸಿವೆಯಷ್ಟು, ಎಲೆಯ ಮೇಲ್ಮೈಯಲ್ಲಿ ಮಾತ್ರ. ಹಳೆಯ ಎಲೆ, ಎಳೆಯ ಎಲೆ ಎಂಬ ಭೇದವಿಲ್ಲದೆ ಒಂದೇ ಸಲ ಬಂದದ್ದು. ಇದು ರೋಗ ಅಲ್ಲ, ಸುಟ್ಟ ಗಾಯ. ವಿಚಾರಿಸಿದಾಗ ವಿಷಯ ಹೊರಬಿತ್ತು. ಬದಿಯಡ್ಕ ಕಡೆಯ ತೋಟದಲ್ಲಿ ಅಡಿಕೆಗೆ ಮದ್ದು ಬಿಟ್ಟು ಉಳಿದ ಬೋರ್ಡೋ ದ್ರಾವಣವನ್ನು ಒಂದು ಕ್ಯಾನಿನಲ್ಲಿ ತಂದು ಗುಲಾಬಿಗೂ ಬಿಟ್ಟಿದ್ದರು, ಹದಿನೈದು ದಿನಕ್ಕೊಮ್ಮೆಯಂತೆ ಮೂರು ಸಲ. "ಕೊಳೆರೋಗಕ್ಕೆ ಆಗುವ ಮದ್ದು ಇದಕ್ಕೆ ಆಗದೇ?" ಎಂಬುದು ಮನೆಯ ಯಜಮಾನರ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದು, ಸ್ವಲ್ಪ ಬಿಡಿಸಿ ಹೇಳಬೇಕು. ಶೇಕಡಾ 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ತಾಮ್ರ ಕಪ್ಪುಚುಕ್ಕೆಯನ್ನು ತಡೆಯುವುದು ಹೌದು. ಆದರೆ ಅಡಿಕೆಕಾಯಿಯ ಸಿಪ್ಪೆ ದಪ್ಪ, ಗುಲಾಬಿ ಎಲೆ ತೆಳು. ಮೋಡ ಕವಿದ ತಂಪು ಹವೆಯಲ್ಲಿ ದ್ರಾವಣ ಬೇಗ ಆರದೆ ಎಲೆಯ ಮೇಲೆ ನಿಂತರೆ ತಾಮ್ರ ಕರಗಿ ಒಳಗೆ ಇಳಿಯುತ್ತದೆ, ಎಲೆ ಸುಟ್ಟು ಹಳದಿಯಾಗಿ ಉದುರುತ್ತದೆ. ಜೊತೆಗೆ ಬೋರ್ಡೋ ಮಾಡಿದ ದಿನವೇ ಬಳಸಿ ಮುಗಿಸಬೇಕಾದದ್ದು. ಇಟ್ಟು ಮರುದಿನ ಬಿಟ್ಟರೆ ಕಣಗಳು ದಪ್ಪವಾಗಿ ತಳಕ್ಕಿಳಿದು ಎಲೆಗೆ ಅಂಟುವ ಗುಣ ಕಳೆದುಕೊಳ್ಳುತ್ತವೆ. ಹೀಗೆ ರೋಗ ಅರ್ಧ ಎಲೆ ಉದುರಿಸಿತು, ಮದ್ದು ಇನ್ನರ್ಧ.

ಎಲೆ ಇಲ್ಲದ ಗಿಡಕ್ಕೆ ಆಹಾರ ಇಲ್ಲ. ಆಗ ಸಾಧಾರಣ ಶಕ್ತಿಯ ಶಿಲೀಂಧ್ರಗಳೂ ಗೆಲ್ಲಿಗೆ ನುಗ್ಗುತ್ತವೆ. ತುದಿಯೊಣಗು ರೋಗ ಬರುವುದು ಹೀಗೆಯೇ, ಹೆಚ್ಚಾಗಿ ಕತ್ತರಿಸಿದ ಗಾಯದ ಮೂಲಕ. ಮನೆಯವರು ಆಗಸ್ಟಿನಲ್ಲಿ, ಸುರಿಯುವ ಮಳೆಯ ನಡುವೆ, ಕಪ್ಪಾದ ತುದಿಗಳನ್ನು ಅಡುಗೆಮನೆಯ ಕತ್ತಿಯಿಂದ ಕೊಯ್ದಿದ್ದರು. ಕೊಯ್ದ ಪ್ರತಿಯೊಂದು ತುದಿಯಿಂದಲೂ ಕಪ್ಪು ಮತ್ತೆ ಕೆಳಗಿಳಿದಿತ್ತು. ಗಿಡ ಉಳಿಸಬೇಕೆಂಬ ಕಾಳಜಿಯೇ ರೋಗಕ್ಕೆ ದಾರಿ ಮಾಡಿಕೊಟ್ಟಿತು ಎನ್ನುವುದು ಬೇಸರದ ವಿಷಯ.

ಪಾಗಾರದ ನೆರಳು

ಮಳೆಗಾಲದ ಕಥೆ ಹೀಗಾದರೆ, ಚಳಿಗಾಲದಲ್ಲಿ ಐದೇ ಹೂ ಬಿಟ್ಟದ್ದೇಕೆ? ಕರಾವಳಿಯಲ್ಲಿ ಗುಲಾಬಿಗೆ ನಿಜವಾದ ಸುಗ್ಗಿ ಡಿಸೆಂಬರಿನಿಂದ ಫೆಬ್ರವರಿ. ಆ ಕಾಲದಲ್ಲಿ ಸೂರ್ಯ ತೆಂಕು ದಿಕ್ಕಿಗೆ ಜಾರಿರುತ್ತಾನೆ. ಡಿಸೆಂಬರ್ 21ರ ನಡುಹಗಲಿಗೆ ಕಾಸರಗೋಡಿನಲ್ಲಿ ಅವನ ಎತ್ತರ ನೆಲದಿಂದ ಸುಮಾರು 54 ಡಿಗ್ರಿ. 5 ಅಡಿ ಪಾಗಾರದ ನೆರಳು ಆಗ ಮೂರೂವರೆ ಅಡಿಗೂ ಸ್ವಲ್ಪ ಹೆಚ್ಚು ಉದ್ದ ಬೀಳುತ್ತದೆ. ಪಾಗಾರದಿಂದ ಒಂದೂವರೆ ಅಡಿಯಲ್ಲಿ ನಿಂತ ಗಿಡಕ್ಕೆ ನೆಲದಿಂದ ಸುಮಾರು 3 ಅಡಿ ಎತ್ತರದವರೆಗೂ ನೆರಳೇ. ಅಂದರೆ ಮೂರಡಿಯ ಗಿಡ ನಡುಹಗಲಿನಲ್ಲೂ ಪೂರ್ತಿ ನೆರಳಿನೊಳಗೆ! ಗೆಲ್ಲುಗಳೆಲ್ಲ ಮನೆಯ ಕಡೆಗೆ ವಾಲಿದ್ದು ಬೆಳಕು ಹುಡುಕಿ. ಗುಲಾಬಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು.

ಗಿಡ ನೆಟ್ಟ ಜಾಗವನ್ನು ಏಪ್ರಿಲಿನಲ್ಲಿ ನೋಡಿದವರಿಗೆ ಈ ದೋಷ ತಿಳಿಯುವುದಿಲ್ಲ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ಮೇಲೆಯೇ ಹಾಯುತ್ತಾನೆ, ಪಾಗಾರಕ್ಕೆ ನೆರಳೇ ಇರುವುದಿಲ್ಲ. ಜಾಗ ಆರಿಸುವವರು ಡಿಸೆಂಬರಿನ ನೆರಳನ್ನು ಅಳೆದು ಆರಿಸಬೇಕು. ಇಲ್ಲಿ ಮಾಡಬೇಕಾದದ್ದು ಸರಳವಿತ್ತು. ಪಾಗಾರದಿಂದ 4 ಅಡಿ ಈಚೆಗೆ, ಮನೆಯ ಗೋಡೆಯಿಂದ 2 ಅಡಿ ಬಿಟ್ಟು ಗಿಡ ಇಟ್ಟರೆ ಚಳಿಗಾಲ ಪೂರ್ತಿ ನಡುಹಗಲಿನ ಬಿಸಿಲು. ಸುಣ್ಣ ಬಳಿದ ಬಿಳಿ ಗೋಡೆಯಿಂದ ಹಿಮ್ಮರಳುವ ಬೆಳಕು ಮೇಲಿಂದ ಲಾಭ.

ಚಟ್ಟಿಗೆ ಸಾಗಿಸಿದ್ದು

ಕಲ್ಲಿನ ತಳ ಒಡೆದು ನೀರು ಹೊರಹೋಗುವ ಕಣಿ ಮಾಡುವಷ್ಟು ಜಾಗ ಇರಲಿಲ್ಲ. ಹಾಗಾಗಿ 14 ಇಂಚು ಬಾಯಿ, 14 ಇಂಚು ಆಳದ ಚಟ್ಟಿ (ಹೂಕುಂಡ). ಒಂದಕ್ಕೆ ಸುಮಾರು 25 ಲೀಟರ್ ಮಿಶ್ರಣ ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದರಲ್ಲಿ ಹೈಬ್ರಿಡ್ ಟೀ ಒಂದು ವರ್ಷ ಬದುಕೀತು, ಬೆಳೆಯದು. ತಳದಲ್ಲಿ ಅರ್ಧ ಇಂಚಿನ ಎಂಟು ತೂತು, ಬದಿಯಲ್ಲಿ ತಳದಿಂದ ಒಂದು ಇಂಚು ಮೇಲೆ ನಾಲ್ಕು. ಚಟ್ಟಿಯನ್ನು ನೇರ ನೆಲಕ್ಕೆ ಇಡದೆ ಎರಡು ಮುರಕಲ್ಲಿನ ಮೇಲೆ ಇಟ್ಟದ್ದು.

ಒಂದು ಚಟ್ಟಿಗೆ ಬಳಸಿದ ಅಳತೆ: ಜರಡಿ ಹಿಡಿದ ಕೆಂಪು ಮಣ್ಣು 10 ಲೀಟರ್, ಹೊಳೆಯ ದಪ್ಪ ಹೊಯಿಗೆ (ಮರಳು) 5 ಲೀಟರ್, ವರ್ಷ ಹಳೆಯ ಹಟ್ಟಿಗೊಬ್ಬರ 6 ಲೀಟರ್, ತೊಳೆದ ತೆಂಗಿನ ನಾರಿನ ಹುಡಿ 3 ಲೀಟರ್. ಇದಕ್ಕೆ ಬೇವಿನ ಹಿಂಡಿ 100 ಗ್ರಾಂ, ಎಲುಬಿನ ಹುಡಿ 100 ಗ್ರಾಂ, ಡೊಲೊಮೈಟ್ (ಮೆಗ್ನೀಸಿಯಂ ಇರುವ ಸುಣ್ಣಕಲ್ಲಿನ ಹುಡಿ) 50 ಗ್ರಾಂ. ಡೊಲೊಮೈಟ್ ಬದಲು ಚಿಪ್ಪುಸುಣ್ಣ ಹಾಕುವುದಾದರೆ ಅರ್ಧ ಸಾಕು. ನೀರಿನಲ್ಲಿ ಅರಳಿಸಿದ ಸುಣ್ಣ ತೀಕ್ಷ್ಣ, ನೆಡುವುದಕ್ಕೆ ಎರಡು ವಾರ ಮೊದಲೇ ಕಲಸಿಡಬೇಕು.

ನಾರಿನ ಹುಡಿಯ ಬಗ್ಗೆ ಎರಡು ಮಾತು, ಏಕೆಂದರೆ ಕಾಸರಗೋಡಿನಲ್ಲಿ ಅದು ಬೇಕಾದಷ್ಟು ಸಿಗುತ್ತದೆ, ಅಷ್ಟೇ ತಪ್ಪಾಗಿಯೂ ಬಳಕೆಯಾಗುತ್ತದೆ. ಹಸಿ ಹುಡಿಯಲ್ಲಿ ಒಗರು ಇರುತ್ತದೆ. ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯದಾದರೆ ಉಪ್ಪೂ ಇರುತ್ತದೆ. ಬಾಲ್ದಿಯಲ್ಲಿ ನೆನೆಹಾಕಿ ರಾತ್ರಿ ಬಿಟ್ಟು ಹಿಂಡಿ ತೆಗೆಯಬೇಕು. ಮೊದಲ ದಿನದ ನೀರು ಗಟ್ಟಿ ಕಷಾಯದ ಬಣ್ಣ, ನಾಲ್ಕನೆಯ ದಿನಕ್ಕೆ ತೆಳು ಚಹಾದ ಬಣ್ಣ. ಅಲ್ಲಿಯವರೆಗೆ ತೊಳೆಯಬೇಕು. ಮಿಶ್ರಣದಲ್ಲಿ ಎಂಟನೆಯ ಒಂದು ಪಾಲಿಗಿಂತ ಹೆಚ್ಚು ಬೇಡ. ಹುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಬೇಸಗೆಗೆ ಅದು ವರ, ಮಳೆಗಾಲಕ್ಕೆ ಅದೇ ಸಂಕಟ.

ಚಟ್ಟಿಯ ತಳಕ್ಕೆ ಜಲ್ಲಿ ತುಂಬುವ ಅಭ್ಯಾಸವನ್ನೂ ಇಲ್ಲಿ ಬಿಟ್ಟಿದೆ. ನೀರು ನಯಮಣ್ಣಿನಿಂದ ದಪ್ಪ ಜಲ್ಲಿಗೆ ಸಲೀಸಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲೆ ಒದ್ದೆ ಪದರವೊಂದು ನಿಲ್ಲುತ್ತದೆ, ಬೇರಿಗೆ ಸಿಗುವ ಒಣ ಆಳ ಅಷ್ಟು ಕಡಿಮೆಯಾಗುತ್ತದೆ. ತೂತಿನ ಮೇಲೆ ಒಂದು ಹಿಡಿ ತೆಂಗಿನ ನಾರು ಹರಡಿದರೆ ಮಣ್ಣು ಸೋರುವುದು ನಿಲ್ಲುತ್ತದೆ.

ಎರಡು ಗಿಡಗಳನ್ನು ಸೆಪ್ಟೆಂಬರಿನಲ್ಲಿ, ಮಳೆ ಎರಡು ದಿನ ಬಿಡುವು ಕೊಟ್ಟಾಗ, ಬುಡದ ಮಣ್ಣು ಸಮೇತ ಎಬ್ಬಿಸಿದೆವು. ಕೊಳೆತ ಬೇರು ಕತ್ತರಿಸಿ, ಬಿಳಿ ಬೇರು ಇದ್ದಷ್ಟನ್ನು ಮುಟ್ಟದೆ, ಸೂಡೊಮೊನಾಸ್ (ಬೇರುಕೊಳೆ ತಡೆಯುವ ಬ್ಯಾಕ್ಟೀರಿಯಾ) ಹುಡಿ ಲೀಟರಿಗೆ 20 ಗ್ರಾಂ ಕಲಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ ನೆಟ್ಟದ್ದು. ಗೆಲ್ಲು ಕತ್ತರಿಸಲಿಲ್ಲ. ಜಗಲಿಯ ಮಾಡಿನಡಿ ಹತ್ತು ದಿನ. ಉಗುರಿನಿಂದ ಗೆಲ್ಲು ಕೆರೆದಾಗ ಹಸಿರು ಕಂಡ ಕಡೆಯೆಲ್ಲ ಹನ್ನೆರಡನೆಯ ದಿನಕ್ಕೆ ಕೆಂಪು ಚಿಗುರುಕಣ್ಣು ಮೂಡಿತು.

ಕತ್ತರಿಸುವಿಕೆ ಮತ್ತು ಮೊದಲ ಸುಗ್ಗಿ

ಅಕ್ಟೋಬರ್ ನಡುವಿನಲ್ಲಿ ಗೆಲ್ಲು ಸವರಿದ್ದು. ಬೆಂಗಳೂರಿನವರಂತೆ ಒಂದಡಿಗಿಂತ ಕೆಳಗೆ ಇಳಿಸಲಿಲ್ಲ. ಎಲೆ ಕಳೆದುಕೊಂಡು ಬಡವಾದ ಗಿಡಕ್ಕೆ ಅಷ್ಟು ಕಠಿಣ ಕತ್ತರಿ ತಡೆಯದು. 15 ಇಂಚು ಉಳಿಸಿ, ಪೆನ್ಸಿಲಿಗಿಂತ ತೆಳುವಾದ ಗೆಲ್ಲನ್ನು ಬುಡದಿಂದ ತೆಗೆದು, ನಾಲ್ಕು ಗಟ್ಟಿ ಗೆಲ್ಲು ಇಟ್ಟುಕೊಂಡದ್ದು. ಹೊರಮುಖದ ಕಣ್ಣಿನಿಂದ ಕಾಲು ಇಂಚು ಮೇಲೆ ಓರೆ ಕೊಯ್ತ. ಕತ್ತರಿಯನ್ನು ಪ್ರತಿ ಗಿಡಕ್ಕೂ ಸ್ಪಿರಿಟ್‌ನಲ್ಲಿ ಒರೆಸಿ ಮುಂದುವರಿಸಬೇಕು.

ಕೊಯ್ದ ತುದಿಗೆ ಬೋರ್ಡೋ ಪೇಸ್ಟ್. ಎಲೆಗೆ ಸಲ್ಲದ ಮೈಲುತುತ್ತು ಸಲ್ಲುವ ಜಾಗ ಇದು. 10 ಗ್ರಾಂ ಮೈಲುತುತ್ತು 50 ಮಿಲಿ ನೀರಿನಲ್ಲಿ, 10 ಗ್ರಾಂ ಸುಣ್ಣ ಇನ್ನೊಂದು 50 ಮಿಲಿಯಲ್ಲಿ, ಎರಡೂ ಪ್ಲಾಸ್ಟಿಕ್ ಪಾತ್ರೆಯಲ್ಲೇ. ತುತ್ತಿನ ನೀರನ್ನು ಸುಣ್ಣದ ನೀರಿಗೆ ತಿರುವುತ್ತ ಹೊಯ್ಯಬೇಕು. ಉಜ್ಜಿದ ಕಬ್ಬಿಣದ ಮೊಳೆ ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಹಿಡಿದಿದ್ದರೆ ಸುಣ್ಣ ಸಾಲದು ಎಂದರ್ಥ. ಅಡಿಕೆ ಬೆಳೆಯುವ ಮನೆಯಲ್ಲಿ ಇದನ್ನು ಹೇಳಿಕೊಡಬೇಕಾಗಿ ಬರಲಿಲ್ಲ.

ಆದರೂ ಒಂದು ತಪ್ಪಾಯಿತು. ಅಕ್ಟೋಬರಿನ ತುಲಾಮಳೆ ಮಧ್ಯಾಹ್ನದ ಮೇಲೆ ಗುಡುಗಿನೊಂದಿಗೆ ಬರುವಂಥದ್ದು. ಎರಡನೆಯ ಗಿಡವನ್ನು ಸವರಿದ್ದು ಮಧ್ಯಾಹ್ನ, ಪೇಸ್ಟ್ ಒಣಗುವ ಮೊದಲೇ ಮಳೆ ತೊಳೆದುಕೊಂಡು ಹೋಯಿತು. ಒಂದು ಗೆಲ್ಲು ನಾಲ್ಕು ಇಂಚು ಒಣಗಿತು. ಹಸಿರು ತಿರುಳು ಸಿಗುವವರೆಗೆ ಕೆಳಗೆ ಕೊಯ್ದು ಮತ್ತೆ ಹಚ್ಚಬೇಕಾಯಿತು. ಇಲ್ಲಿ ಗೆಲ್ಲು ಸವರುವುದಾದರೆ ಬೆಳಿಗ್ಗೆ ಎಂಟರೊಳಗೆ, ಆಮೇಲೆ ಮೂರು ದಿನ ಮಾಡಿನಡಿ.

ಚಿಗುರು ಎರಡು ಇಂಚು ಬಂದ ಮೇಲೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲು) ಲೀಟರಿಗೆ 2 ಗ್ರಾಂ ಕರಗಿಸಿ ಚಟ್ಟಿಗೆ ಒಂದು ಲೀಟರ್, ಹತ್ತು ದಿನಕ್ಕೊಮ್ಮೆ. ಮೊಗ್ಗು ಬಟಾಣಿ ಗಾತ್ರಕ್ಕೆ ಬಂದಾಗ ಪೊಟ್ಯಾಶಿಯಂ ಸಲ್ಫೇಟ್ ಲೀಟರಿಗೆ 1 ಗ್ರಾಂ, ಎರಡು ಸಲ. ತಿಂಗಳಿಗೊಮ್ಮೆ ಮೆಗ್ನೀಸಿಯಂ ಸಲ್ಫೇಟ್ 5 ಗ್ರಾಂ. ಒಂದು ಗೆಲ್ಲಿನಲ್ಲಿ ನಡುಮೊಗ್ಗು ಒಂದನ್ನೇ ಉಳಿಸಿ ಪಕ್ಕದ ಮೊಗ್ಗುಗಳನ್ನು ಉಗುರಿನಿಂದ ಚಿವುಟಿ ತೆಗೆದದ್ದು.

ಸವರಿ 46ನೆಯ ದಿನಕ್ಕೆ ಮೊದಲ ಹೂ. ಡಿಸೆಂಬರಿನ ಒಂದೇ ಸುತ್ತಿನಲ್ಲಿ ಒಂದು ಗಿಡ ಏಳು, ಇನ್ನೊಂದು ನಾಲ್ಕು ಹೂ ಕೊಟ್ಟಿತು. ಈ ತಳಿಯ ಹೂವನ್ನು ಮೊದಲ ದಿನದಿಂದ ಉದುರುವವರೆಗೆ ದಿನಾ ನೋಡಬೇಕು. ಬಿರಿಯುವ ಬೆಳಿಗ್ಗೆ ಅದು ಕೆನೆಬಣ್ಣ, ಹೊರದಳದ ತುದಿಯಲ್ಲಿ ಕುಂಕುಮ ಸೋಕಿದಷ್ಟು ಕೆಂಪು. ಬಿಸಿಲು ತಾಗಿದಂತೆ ಕೆಂಪು ಒಳಕ್ಕೆ ಹಬ್ಬುತ್ತದೆ. ಎರಡನೆಯ ದಿನ ಅಂಚೆಲ್ಲ ಕೆಂಪು, ನಡುವೆ ಬೆಣ್ಣೆಯಂಥ ಬಿಳುಪು. ನಾಲ್ಕನೆಯ ದಿನಕ್ಕೆ ನಡುವಿನ ಒಂದು ಬಟ್ಟಲಿನಷ್ಟು ಬಿಟ್ಟು ಮಿಕ್ಕದ್ದೆಲ್ಲ ಕೆಂಪು. ಒಂದು ದಳದ ಮೇಲೆ ಇನ್ನೊಂದರ ನೆರಳು ಬಿದ್ದ ಕಡೆ ಕೆನೆ ಹಾಗೆಯೇ ಉಳಿದು ದಳದ ಅಚ್ಚು ಮೂಡಿರುತ್ತದೆ. ಬಿಸಿಲಿನ ಅತಿನೇರಳೆ ಕಿರಣದಿಂದ ಬರುವ ಬಣ್ಣ ಇದು.

ಬೇಸಗೆಯ ತೊಡಕುಗಳು

ಫೆಬ್ರವರಿಯಲ್ಲಿ ಎಳೆ ಎಲೆ ಮುರುಟಿ ಅಂಚು ಕಂಚಿನ ಬಣ್ಣಕ್ಕೆ ತಿರುಗಿತು. ಮೊಗ್ಗನ್ನು ಬಿಳಿ ಕಾಗದದ ಮೇಲೆ ತಟ್ಟಿದರೆ ಹಳದಿ ಹುಳುಗಳು ಎಳ್ಳಿನ ಸೀಳಿನಂತೆ ಓಡಾಡಿದವು. ಅದು ಥ್ರಿಪ್ಸ್. ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಸ್ವಲ್ಪ ಸಾಬೂನು ಸೇರಿಸಿ ಸಂಜೆ ಐದು ದಿನಕ್ಕೊಮ್ಮೆ ಮೂರು ಸಲ ಬಿಟ್ಟದ್ದು, ಹಾಳಾದ ಮೊಗ್ಗು ಕಿತ್ತು ಸುಟ್ಟದ್ದು. ಇದಕ್ಕಿಂತ ಗಡುಸಾದ ಕೀಟನಾಶಕ ಬೇಡ ಎಂದು ಮನೆಯವರು ಮೊದಲೇ ಹೇಳಿದ್ದರು. ಗೇರುತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು, ಅದರ ನೋವು ಇಲ್ಲಿ ಇನ್ನೂ ಮುಗಿದಿಲ್ಲ. ಬಾವಿಯಿಂದ ಹನ್ನೆರಡು ಅಡಿ ದೂರದ ಹೂಗಿಡಕ್ಕೆ ಏನು ಬಿಡಬೇಕು ಎಂಬ ಆ ಎಚ್ಚರಿಕೆಯನ್ನು ಗೌರವಿಸಿಯೇ ಮುಂದಿನ ಯೋಜನೆ ಮಾಡಿದ್ದು.

ಏಪ್ರಿಲಿನಲ್ಲಿ ಹಳೆಯ ಎಲೆಗಳ ಅಂಚು ಕಂದಾಗಿ ಒಣಗಿತು. ನೀರು ಕಡಿಮೆಯಾಯಿತೆಂದು ಮನೆಯವರು ಹೆಚ್ಚು ಹೊಯ್ದರು, ಅಂಚು ಇನ್ನೂ ಒಣಗಿತು. ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡಿದರೆ ಉಪ್ಪು. ಬೇಸಗೆಯಲ್ಲಿ ಚಂದ್ರಗಿರಿ ಹೊಳೆಗೆ ಉಪ್ಪುನೀರು ಏರುವುದು ಊರಿಗೇ ಗೊತ್ತು. ಕಡಲ ಹತ್ತಿರದ ಬಾವಿಗಳಿಗೂ ಅದರ ಪಾಲು ಬರುತ್ತದೆ. ಏಪ್ರಿಲ್ ಮೇಯಲ್ಲಿ ಅಕ್ಕಿ ತೊಳೆದ ನೀರಿನಂಥ ಸಿಹಿನೀರಿನ ಮರುಬಳಕೆ, ವಾರಕ್ಕೊಮ್ಮೆ ಎಂಟು ಲೀಟರ್ ಸಿಹಿನೀರು ಒಮ್ಮೆಲೇ ಹೊಯ್ದು ಚಟ್ಟಿಯ ಉಪ್ಪು ತೊಳೆಯುವುದು ಎಂದು ತೀರ್ಮಾನವಾಯಿತು. ಅಂಗಡಿಯ ಮಾಮೂಲಿ ಪೊಟ್ಯಾಶ್ ಕ್ಲೋರೈಡ್ ರೂಪದ್ದು, ಇಂಥ ಕಡೆ ಅದು ಉಪ್ಪಿನ ಮೇಲೆ ಉಪ್ಪು. ಹಾಗಾಗಿಯೇ ಸಲ್ಫೇಟ್ ರೂಪದ್ದು ಬಳಸಿದ್ದು.

ಬೇಸಗೆಯ ಹೂ ಚಿಕ್ಕದು, ದಳ ಕಡಿಮೆ, ಎರಡೇ ದಿನ ಬಾಳುತ್ತದೆ. ಅದಕ್ಕೆ ಮದ್ದಿಲ್ಲ. ಏಪ್ರಿಲಿನ ಮೊಗ್ಗನ್ನು ಕಿತ್ತು ಗಿಡಕ್ಕೆ ಎಲೆ ಕಟ್ಟಿಕೊಳ್ಳಲು ಬಿಡುವುದು ಲೇಸು.

ಎರಡನೆಯ ಮಳೆಗಾಲ

ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲಿನ ದಿನವಾದ ಪತ್ತನಾಜೆ ಮೇ ತಿಂಗಳ 24, 25ರ ಹೊತ್ತಿಗೆ ಬರುತ್ತದೆ. ಆ ದಿನದೊಳಗೆ ಚಟ್ಟಿಗಳ ಮೇಲೆ ಮಾಡು ಎದ್ದಿರಬೇಕು ಎಂದು ನಿಗದಿ ಮಾಡಿದ್ದು. ಅಡಿಕೆ ಒಣಗಿಸಲು ಹೊದಿಸುವ 200 ಮೈಕ್ರಾನಿನ ಪಾರದರ್ಶಕ ಶೀಟು, ಜಿಐ ಪೈಪಿನ ಚೌಕಟ್ಟು. ಉದ್ದ 8 ಅಡಿ, ಅಗಲ 5 ಅಡಿ, ಮನೆಯ ಬದಿ 8 ಅಡಿ ಎತ್ತರ, ಪಾಗಾರದ ಬದಿ 7 ಅಡಿ. ಇಳಿಜಾರಿನ ಕೊನೆಗೆ 4 ಇಂಚಿನ ಪಿವಿಸಿ ಪೈಪನ್ನು ಸೀಳಿ ಕಟ್ಟಿದ ದೋಣಿ, ನೀರು ನೇರ ಚರಂಡಿಗೆ. ಬದಿಗಳೆಲ್ಲ ತೆರೆದೇ ಇರಬೇಕು, ಮುಚ್ಚಿದರೆ ಒಳಗೆ ಹಬೆ ಕಟ್ಟಿ ಎಲೆಯ ಮೇಲೆ ಹನಿ ಕೂರುತ್ತದೆ. ಸಮುದ್ರದ ಮಟ್ಟದಿಂದ ಬಹು ಎತ್ತರದಲ್ಲಿ, ನಮಗಿಂತ ಎಷ್ಟೋ ಕಡಿಮೆ ಮಳೆ ಬೀಳುವ ಹೊಸೂರಿನಲ್ಲೂ ಮಾರಾಟದ ಗುಲಾಬಿಯನ್ನು ಪಾಲಿಹೌಸಿನೊಳಗೆ ಬೆಳೆಯುತ್ತಾರೆ. ಇಲ್ಲಿ ಬಯಲಿಗೆ ಬಿಟ್ಟು ಹೂ ಕೇಳುವುದು ಹೇಗೆ?

ಶೀಟು ಏರಿಸುವ ಮೊದಲು ಚಟ್ಟಿಯ ಮಣ್ಣಿನಿಂದ ಹತ್ತು ಇಂಚಿನವರೆಗಿನ ಎಲೆಗಳನ್ನು ತೆಗೆದು, ಬಿದ್ದ ಎಲೆಯೆಲ್ಲ ಗುಡಿಸಿ ಸುಟ್ಟು, ಮೇ ನಡುವಿನಲ್ಲಿ ಒಂದು ಸಲ, ಜೂನ್ ಮೊದಲ ವಾರ ಒಂದು ಸಲ ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕ ಲೀಟರಿಗೆ 2 ಗ್ರಾಂ. ಎರಡು ಗಿಡಕ್ಕೆ ಒಂದೇ ಲೀಟರ್ ಸಾಕು. ಎಲೆಯ ಅಡಿಭಾಗಕ್ಕೂ ತಾಗಬೇಕು. ಕೈಗವಸು, ಮುಖವಸ್ತ್ರ, ಬಾವಿಗೆ ಮುಚ್ಚಳ.

ಫಲಿತಾಂಶ ಪೂರ್ತಿ ಚೊಕ್ಕ ಅಲ್ಲ. ಜುಲೈ ಎರಡನೆಯ ವಾರ ಪಡುಗಾಳಿಯೊಂದಿಗೆ ಬಂದ ಎರಚಲು ಪಡುಬದಿಯ ಗಿಡದ ಒಂದು ಮಗ್ಗುಲನ್ನು ತೋಯಿಸಿತು. ಕಪ್ಪುಚುಕ್ಕೆ ಆ ಮಗ್ಗುಲಿಗೇ ಬಂತು, ಗೆರೆ ಎಳೆದಂತೆ. ಚುಕ್ಕೆ ಬಿದ್ದ ಎಲೆಗಳನ್ನು ಆರಿದ ಹೊತ್ತಿನಲ್ಲಿ ಕಿತ್ತು, ಇನ್ನೊಂದು ಶಿಲೀಂಧ್ರನಾಶಕ ಹೆಕ್ಸಾಕೊನಜೋಲ್ ಲೀಟರಿಗೆ 1 ಮಿಲಿ ಒಂದು ಸಲ ಬಿಟ್ಟು, ಪಡುಬದಿಗೆ ಹಸಿರು ನೆಟ್ ಇಳಿಬಿಟ್ಟ ಮೇಲೆ ನಿಂತಿತು. ನೆಟ್ ಗಾಳಿಯನ್ನು ಬಿಡುತ್ತದೆ, ಹನಿಯನ್ನು ಒಡೆಯುತ್ತದೆ.

ಇನ್ನೊಂದು ತೊಡಕು ಯಾರೂ ಎಣಿಸದ್ದು. ಆಗಸ್ಟಿನಲ್ಲಿ ಮೂಡಬದಿಯ ಗಿಡ ಬಾಡಿ ನಿಂತಿತು. ಬೇರು ಮತ್ತೆ ಕೊಳೆಯಿತೆಂದು ಹೆದರಿ ಚಟ್ಟಿಗೆ ಬೆರಳು ಹಾಕಿದರೆ ಮಣ್ಣು ಹುಡಿಹುಡಿ, ಒಣಗಿತ್ತು. ಹೊರಗೆ ಧೋ ಎಂದು ಸುರಿಯುವಾಗ ಗಿಡಕ್ಕೆ ನೀರು ಹೊಯ್ಯಬೇಕೆಂದು ಯಾರಿಗೂ ತೋಚಲಿಲ್ಲ. ಎಲೆಯಡಿಯಲ್ಲಿ ಕೆಂಪು ನುಸಿಯೂ ಕೂತಿತ್ತು, ಒಣ ಮೂಲೆ ಅದಕ್ಕೆ ಬೇಕಾದ ಜಾಗ. ಬಿಸಿಲು ಬಂದ ಬೆಳಿಗ್ಗೆ ಎಲೆಯ ಅಡಿಗೆ ಪೈಪಿನ ನೀರು ರಭಸವಾಗಿ ಹೊಡೆದು ತೊಳೆದದ್ದು, ಮಧ್ಯಾಹ್ನದೊಳಗೆ ಆರಿತು. ಮಾಡಿನಡಿಯ ಚಟ್ಟಿಗೆ ಎರಡು ದಿನಕ್ಕೊಮ್ಮೆ ಬೆರಳು ಹಾಕಿ ನೋಡಬೇಕು, ಎರಡು ಇಂಚು ಆಳ ಒಣಗಿದ್ದರೆ ಎರಡು ಲೀಟರ್, ಬುಡಕ್ಕೆ ಮಾತ್ರ.

ಆ ತಿಂಗಳು ಅರಳಿದ ಎರಡು ಹೂ ಪೂರ್ತಿ ಕೆನೆಬಣ್ಣ, ಅಂಚಿಗೆ ಮಾಸಲು ಗುಲಾಬಿ. ಕಸಿ ಹೋಗಿ ಬೇರುಗಿಡ ಎದ್ದಿತೆಂದು ಮನೆಯವರಿಗೆ ಗಾಬರಿ. ಹಾಗಲ್ಲ, ಶೀಟು ಮತ್ತು ಮೋಡ ಸೇರಿ ಕೆಂಪು ಬರಿಸುವ ಕಿರಣವನ್ನು ತಡೆದದ್ದು. ಬೇರುಗಿಡದ ಕುಡಿ ಬಂದರೆ ಅದು ಕಸಿಗಂಟಿನ ಅಡಿಯಿಂದ ಬರುತ್ತದೆ. ನಮ್ಮ ಕಡೆಯ ನರ್ಸರಿಗಳು ಹೆಚ್ಚಾಗಿ ಬಳಸುವ ಮಲ್ಟಿಫ್ಲೋರ ಬೇರುಗಿಡದಲ್ಲಿ ಒಂದು ಎಲೆಗೆ ಏಳೋ ಒಂಬತ್ತೋ ಎಲೆಚೂರು, ತೊಟ್ಟಿನ ಬುಡದಲ್ಲಿ ರೆಪ್ಪೆಯಂಥ ಕೂದಲು. ಅದನ್ನು ಕತ್ತರಿಸದೆ ಬುಡದಿಂದ ಸೀಳಿ ಕೀಳಬೇಕು.

ಸೆಪ್ಟೆಂಬರ್ ಕೊನೆಗೆ ಲೆಕ್ಕ ಹಾಕಿದಾಗ ಮೂಡಬದಿಯ ಗಿಡದಲ್ಲಿ ಮುಕ್ಕಾಲು ಪಾಲು ಎಲೆ ಉಳಿದಿತ್ತು, ಪಡುಬದಿಯದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಎರಡರಲ್ಲೂ ಒಣಗಿದ ಗೆಲ್ಲು ಒಂದೂ ಇಲ್ಲ. ಬುಡದಿಂದ ಹೆಬ್ಬೆರಳು ದಪ್ಪದ ಹೊಸ ಕುಡಿ ಒಂದೊಂದು ಎದ್ದಿತ್ತು. ಶೀಟು ನವರಾತ್ರಿ ಕಳೆದ ಮೇಲೆ ಇಳಿಯಿತು, ಚೌಕಟ್ಟು ಅಲ್ಲೇ ಇದೆ.

ಮೂರನೆಯ ಚಟ್ಟಿಗೆ ಗಿಡ ತರಬೇಕೆಂದು ಮನೆಯವರು ಜೂನ್‌ನಿಂದಲೇ ಹೇಳುತ್ತಿದ್ದರು. ಮಳೆಗಾಲದಲ್ಲಿ ಗಾಡಿಯಲ್ಲಿ ಬರುವ ಗುಲಾಬಿಗಳ ಕೆಳಗಿನ ಎಲೆಗಳನ್ನು ಬೇಕೆಂದೇ ಕಿತ್ತಿರುತ್ತಾರೆ, ಮೇಲೊಂದು ಹೂ ನಗುತ್ತಿರುತ್ತದೆ. ಚುಕ್ಕೆ ಇರುವುದು ಕಿತ್ತ ಎಲೆಯಲ್ಲಿ. ಗಿಡ ತಂದದ್ದು ನವೆಂಬರಿನಲ್ಲಿ, ಕೆಳಗಿನ ಎಲೆಯವರೆಗೆ ಮಗುಚಿ ನೋಡಿ, ಕಸಿಗಂಟಿನ ಮೇಲಿಂದ ಮೂರು ಗೆಲ್ಲು ಇರುವಂಥದ್ದನ್ನು ಆರಿಸಿ. ಹದಿನೈದು ದಿನ ಬಾವಿಕಟ್ಟೆಯ ಆಚೆ ಬೇರೆಯೇ ಇಟ್ಟು, ಹೊಸ ಚುಕ್ಕೆ ಬಾರದ್ದು ಖಾತ್ರಿಯಾದ ಮೇಲೆ ಪಾಗಾರದಿಂದ 4 ಅಡಿಯ ಸಾಲಿಗೆ ಸೇರಿಸಿದ್ದು.